‘ಅರವತ್ತು ಕೊಡ್ತೈತಿ’ ಅಂದ ಮಾತನ್ನು ಟಿ-ಪರೀಕ್ಷೆಗೆ ಹಚ್ಚಿದಾಗ

ಕೊಪ್ಪಳ, ಗಂಗಾವತಿ ಕಡೆ ಹೊಸ ಬೈಕ್ ತಂದವರಿಗೆ ಬೀಳುವ ಮೊದಲ ಪ್ರಶ್ನೆ ‘ಎಷ್ಟು ಕೊಡ್ತೈತಿ?’, ಅಂದರೆ ಲೀಟರಿಗೆ ಎಷ್ಟು ಕಿ.ಮೀ., ಎಂಬುದೇ. ಉತ್ತರವೂ ಒಂದೇ ಅಂಕಿಯಲ್ಲಿ ಬರುತ್ತದೆ. ಐವತ್ತೈದು, ಅರವತ್ತು, ಹುಮ್ಮಸ್ಸಿದ್ದರೆ ಎಪ್ಪತ್ತು. ಆ ಅಂಕಿ ಖರೆ ಇದೆಯೋ ಇಲ್ಲವೋ ಎಂದು ಹೈಪಾಥಿಸಿಸ್ ಟೆಸ್ಟ್ (ಒಂದು ಮಾತು ನಮ್ಮ ಅಳತೆಗಳ ಮುಂದೆ ನಿಲ್ಲುತ್ತದೆಯೇ ಎಂದು ನೋಡುವ ಲೆಕ್ಕ) ಮೂಲಕ ತೂಗಿ ನೋಡುವ ಕೆಲಸ ಮೇಲ್ನೋಟಕ್ಕೆ ಸಂಖ್ಯಾಶಾಸ್ತ್ರದ ಕೆಲಸ ಅನಿಸುತ್ತದೆ. ಮಾಡಲು ಕೂತರೆ ಗೊತ್ತಾಗುತ್ತದೆ, ಸೂತ್ರಕ್ಕೆ ಹಿಡಿಯುವುದು ಹತ್ತು ನಿಮಿಷ, ಉಳಿದ ಕೆಲಸವೆಲ್ಲ ಪೆಟ್ರೋಲ್ ಬಂಕಿನಲ್ಲಿ ಮತ್ತು ರಸ್ತೆಯ ಮೇಲೆ. ಅಲ್ಲಿ ಸಡಿಲ ಬಿಟ್ಟರೆ ಆಮೇಲೆ ಯಾವ ಕೋಷ್ಟಕ ತೆಗೆದರೂ ಪ್ರಯೋಜನವಿಲ್ಲ.

ಮೊದಲು ತೀರ್ಮಾನಿಸಬೇಕಾದ್ದು, ಯಾರ ಮಾತನ್ನು ಪರೀಕ್ಷಿಸುತ್ತಿದ್ದೇವೆ ಎಂಬುದು. ಕಂಪನಿಯ ಕರಪತ್ರದಲ್ಲಿರುವ ಅಂಕಿಯ ಪಕ್ಕ ಒಂದು ಚುಕ್ಕಿ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ‘ನಿಗದಿತ ಪರೀಕ್ಷಾ ಪರಿಸ್ಥಿತಿಯಲ್ಲಿ’ ಎಂದು. ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಗಳಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗದ ನಕ್ಷೆಯಂತೆ ಓಡಿಸುತ್ತಾರೆ. ಕಾರುಗಳ ನಕ್ಷೆಯಲ್ಲಿ ಗರಿಷ್ಠ ವೇಗ ತಾಸಿಗೆ 90 ಕಿ.ಮೀ. ಇಂಧನವನ್ನು ಅಲ್ಲಿ ನೇರವಾಗಿ ಅಳೆಯುವುದೂ ಇಲ್ಲ. ಹೊಗೆಯಲ್ಲಿ ಬಂದ ಇಂಗಾಲದ ಡೈಆಕ್ಸೈಡ್, ಮಾನಾಕ್ಸೈಡ್, ಹೈಡ್ರೋಕಾರ್ಬನ್ ಇವುಗಳ ಲೆಕ್ಕದಿಂದ ಎಷ್ಟು ಪೆಟ್ರೋಲ್ ಉರಿಯಿತು ಎಂದು ಹಿಂದಕ್ಕೆ ಎಣಿಸುತ್ತಾರೆ. ಅಲ್ಲಿ ಗಾಳಿ ಇಲ್ಲ, ಏರು ಇಲ್ಲ, ಭತ್ತ ಹೇರಿಕೊಂಡು ಅಡ್ಡ ಬರುವ ಟ್ರ್ಯಾಕ್ಟರ್ ಇಲ್ಲ. ಆ ಅಂಕಿಯನ್ನು ಸಿಂಧನೂರು ರಸ್ತೆಯಲ್ಲಿ ಪರೀಕ್ಷಿಸಿ ‘ಸುಳ್ಳು’ ಎಂದು ಸಾಬೀತು ಮಾಡುವುದು ಸುಲಭ, ಅದರಿಂದ ತಿಳಿಯುವುದು ಮಾತ್ರ ಏನೂ ಇಲ್ಲ. ಅವರು ಹೇಳಿದ್ದು ಆ ರಸ್ತೆಯ ಮಾತೇ ಅಲ್ಲ. ಪರೀಕ್ಷೆಗೆ ಯೋಗ್ಯವಾದವು ಬೇರೆ ಮಾತುಗಳು: ಶೋರೂಮಿನವರು ಬಾಯಲ್ಲಿ ‘ನಮ್ಮ ರೋಡಿಗೇ ಅರವತ್ತು ಬೀಳ್ತದ’ ಎಂದದ್ದು, ಸೆಕೆಂಡ್‌ಹ್ಯಾಂಡ್ ಮಾರುವವರು ಕೊಟ್ಟ ಭರವಸೆ, ಟ್ಯಾಂಕಿಗೆ ಬಾಟಲಿ ಸುರಿದರೆ ಮೈಲೇಜ್ ಏರುತ್ತದೆ ಎಂಬ ಮಾರಾಟದ ಮಾತು, ಲಾರಿ ಮಾಲೀಕರು ಡ್ರೈವರ್ ಮುಂದೆ ಇಡುವ ‘ಇಷ್ಟು ಬರಲೇಬೇಕು’ ಎಂಬ ಲೆಕ್ಕ.

ಮಾತು ಗೊತ್ತಾದ ಮೇಲೆ ಅದನ್ನು ಶೂನ್ಯ ಊಹೆಯಾಗಿ, ಅಂದರೆ ವಿರುದ್ಧ ಸಾಕ್ಷ್ಯ ಸಿಗುವವರೆಗೆ ಖರೆ ಎಂದು ಹಿಡಿಯುವ ಮಾತಾಗಿ, ಬರೆಯಬೇಕು, ಮೊದಲ ಭರ್ತಿಗೆ ಮುಂಚೆಯೇ. ‘ಈ ಬೈಕ್, ಈ ಸವಾರ, ಕೊಪ್ಪಳ–ಹೊಸಪೇಟೆ ರಸ್ತೆಯಲ್ಲಿ ಹೋಗಿಬರಲು, ತಾಸಿಗೆ 50ರ ಆಸುಪಾಸಿನ ವೇಗದಲ್ಲಿ, ಸರಾಸರಿ 60 ಅಥವಾ ಹೆಚ್ಚು’ ಇದು ಶೂನ್ಯ ಊಹೆ. ‘60ಕ್ಕಿಂತ ಕಡಿಮೆ’ ಇದು ಪರ್ಯಾಯ. ಅನುಮಾನದ ಲಾಭ ಮಾತು ಕೊಟ್ಟವರಿಗೆ, ಸಾಕ್ಷ್ಯ ಒದಗಿಸುವ ಹೊರೆ ನಮಗೆ. ಎಷ್ಟು ಭರ್ತಿ ತೆಗೆದುಕೊಳ್ಳುತ್ತೇವೆ, ಖರೆ ಮಾತನ್ನು ಸುಳ್ಳೆಂದುಬಿಡುವ ಅಪಾಯ ಎಷ್ಟಕ್ಕೆ ಒಪ್ಪುತ್ತೇವೆ, ಶೇ 5ರ ಮಟ್ಟವೋ ಶೇ 1ರದೋ, ಅದನ್ನೂ ಅದೇ ಪುಟದಲ್ಲಿ ಬರೆದಿಡುವುದು ಒಳ್ಳೆಯದು. ಆಮೇಲೆ ಬರೆದರೆ ಅಂಕಿ ನೋಡಿ ಬರೆದಂತಾಗುತ್ತದೆ.

ಈಗ ಬಂಕಿಗೆ ಬರೋಣ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ, ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸುವುದು, ವಿಧಾನ ಇಷ್ಟೇ. ಇದರ ಜೀವ ‘ಅದೇ ಮಟ್ಟ’ದಲ್ಲಿದೆ. ಬೈಕಿನ ಟ್ಯಾಂಕಿನಲ್ಲಿ ನಾಜಲ್ ತಾನಾಗಿ ಕಟ್ ಆಗುವ ಜಾಗ ಹಿಡಿದ ಕೋನಕ್ಕೆ, ನೊರೆಗೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಟ್ಯಾಂಕಿನ ಬಾಯೊಳಗೆ ಕಾಣುವ ತಗಡಿನ ಪಟ್ಟಿಯನ್ನು ಗುರುತಾಗಿ ಇಟ್ಟುಕೊಂಡು, ಪೆಟ್ರೋಲ್ ಅದಕ್ಕೆ ತಾಗಿದ ತಕ್ಷಣ ನಿಲ್ಲಿಸುವುದು ವಾಸಿ. ಗಾಡಿ ಮೇನ್ ಸ್ಟ್ಯಾಂಡ್ ಮೇಲಿರಬೇಕು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದರೆ ಮಟ್ಟವೇ ಬೇರೆ. ಕೊರಳಿನವರೆಗೆ ತುಂಬಿಸಲೂಬಾರದು. ರಾಯಚೂರಿನ ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಟ್ಯಾಂಕಿನಲ್ಲಿ ಪೆಟ್ರೋಲ್ ಹಿಗ್ಗಿ ಹೊರಗೆ ಬರುತ್ತದೆ. ಒಂದು ಡಿಗ್ರಿಗೆ ಹೆಚ್ಚೂಕಡಿಮೆ ಸಾವಿರಕ್ಕೆ ಒಂದು ಪಾಲು ಹಿಗ್ಗುವ ದ್ರವ ಅದು. ಹದಿನೈದು ಡಿಗ್ರಿ ವ್ಯತ್ಯಾಸ ಬಿದ್ದರೆ ಶೇ ಒಂದೂವರೆ ಲೆಕ್ಕ ತಪ್ಪುತ್ತದೆ. ಎಲ್ಲ ಭರ್ತಿಯೂ ಬೆಳಗ್ಗೆ, ಒಂದೇ ಬಂಕು, ಸಾಧ್ಯವಾದರೆ ಒಂದೇ ನಾಜಲ್.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ರೌಂಡ್ ಫಿಗರ್. ಮಟ್ಟ ಮುಟ್ಟಿದಾಗ ಮೀಟರ್ 487 ರೂಪಾಯಿ ತೋರಿಸುತ್ತಿರುತ್ತದೆ. ಬಂಕಿನ ಹುಡುಗ ‘ಅಣ್ಣಾರ, ಐನೂರು ಮಾಡ್ಲೇನ್ರೀ?’ ಎನ್ನುತ್ತಲೇ ಇನ್ನೆರಡು ಸಲ ಒತ್ತಿರುತ್ತಾನೆ. ಆ ಹದಿಮೂರು ರೂಪಾಯಿ ಅಂದರೆ ನೂರಿಪ್ಪತ್ತು ಮಿಲಿಲೀಟರ್ ಮೇಲೆ, ಐದು ಲೀಟರಿನ ಭರ್ತಿಯಲ್ಲಿ ಶೇ ಎರಡೂವರೆಯಷ್ಟು. ‘ತಮ್ಮಾ, ಪಟ್ಟಿಗೆ ಹತ್ತಿದ ಕೂಡಲೇ ಬಿಡು, ಚಿಲ್ಲರೆ ಫೋನಿನಾಗ ಹಾಕ್ತೀನಿ’ ಎಂದು ಮೊದಲೇ ಹೇಳಿಟ್ಟರೆ ಆಯಿತು. ಲೀಟರ್ ಅಂಕಿಯನ್ನು ರಸೀದಿಯಿಂದ ಎರಡು ದಶಾಂಶದವರೆಗೆ ಬರೆದುಕೊಳ್ಳಬೇಕು. ರೂಪಾಯಿಯಿಂದ ಲೀಟರ್ ಎಣಿಸುವ ಗೊಡವೆ ಬೇಡ. ಬಂಕಿನ ಅಳತೆಯ ಮೇಲೇ ಅನುಮಾನವಿದ್ದರೆ ಅಲ್ಲೇ ಇರುವ ಮುದ್ರೆಯ 5 ಲೀಟರ್ ಮಾಪ ಕೇಳಿ ಹಿಡಿಸಿ ನೋಡಬಹುದು. ಐದು ಲೀಟರಿಗೆ 25 ಮಿ.ಲೀ. ಆಚೀಚೆ ಆಗುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ, ಅಂದರೆ ಶೇ 0.5.

ಗ್ಯಾರೇಜಿನಲ್ಲಿ ಹಳೆಯ ಪದ್ಧತಿ ಒಂದಿದೆ. ಕಾರ್ಬುರೇಟರ್ ಗಾಡಿಗೆ ಪೈಪಿನಿಂದ 100 ಮಿ.ಲೀ. ಬಾಟಲಿ ಕಟ್ಟಿ, ಅದು ಖಾಲಿಯಾಗುವವರೆಗೆ ಓಡಿಸಿ ಹತ್ತರಿಂದ ಗುಣಿಸುವುದು. ಇಂಜಿನ್ ಆಗಲೇ ಕಾದಿರುತ್ತದೆ, ಮೆಕ್ಯಾನಿಕ್ ನಲವತ್ತರಲ್ಲಿ ಒಂದೇ ಸಮ ಹೋಗುತ್ತಾನೆ, ಅಂಕಿ ಚೆನ್ನಾಗಿಯೇ ಬರುತ್ತದೆ. ಸೆಟ್ಟಿಂಗ್ ಸರಿಯಾಯಿತೇ ಎಂದು ನೋಡಲು ಅದು ಸಾಕು, ಸರಾಸರಿ ಹೇಳಲು ಸಾಲದು. ಫ್ಯುಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಪಂಪ್ ಟ್ಯಾಂಕಿನೊಳಗೇ ಇರುವುದರಿಂದ ಬಾಟಲಿ ಕಟ್ಟುವ ಮಾತೇ ಇಲ್ಲ.

ಲೀಟರಿನಷ್ಟೇ ಕಿಲೋಮೀಟರಿನ ಮೇಲೂ ಕಣ್ಣಿರಲಿ. ಓಡೋಮೀಟರ್ ಎಣಿಸುವುದು ಚಕ್ರದ ಸುತ್ತನ್ನು. ಟೈರ್ ಸವೆದರೆ ಸುತ್ತು ಹೆಚ್ಚಿ ಕಿಲೋಮೀಟರ್ ಉಬ್ಬುತ್ತದೆ, ದೊಡ್ಡ ಟೈರ್ ಹಾಕಿದರೆ ಕುಗ್ಗುತ್ತದೆ. ಹೆದ್ದಾರಿಯ ಕಲ್ಲುಗಳಿಗೆ ಹೋಲಿಸಿ ನೋಡಬಹುದಾದರೂ ರಸ್ತೆ ಅಗಲ ಮಾಡಿದ ಕಡೆ ಕಲ್ಲನ್ನೇ ನಂಬುವಂತಿಲ್ಲ. ಐವತ್ತು ಕಿ.ಮೀ. ಮೇಲಿನ ಓಟವನ್ನು ಫೋನಿನ ಜಿಪಿಎಸ್ ದಾಖಲೆಯೊಂದಿಗೆ ಒಂದೆರಡು ಸಲ ತಾಳೆ ಹಾಕಿ, ತಿದ್ದುವ ಗುಣಕ ಬರೆದಿಟ್ಟುಕೊಂಡರೆ ಸಾಕು.

ರಸ್ತೆಯ ವಿಷಯದಲ್ಲಿ ನಮ್ಮ ಭಾಗದ ದೊಡ್ಡ ವೈರಿ ಆಷಾಢದ ಗಾಳಿ. ಕೊಪ್ಪಳದಿಂದ ಗದಗಿನ ಕಡೆ ಹೋಗುವಾಗ ಎದುರು ಹೊಡೆಯುವ ಗಾಳಿ ಬರುವಾಗ ಬೆನ್ನಿಗೆ ಬೀಳುತ್ತದೆ, ಅಲ್ಲಿ ಸಾಲು ಸಾಲು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಹೋಗುವ ಓಟವನ್ನೊಂದು, ಬರುವ ಓಟವನ್ನೊಂದು ಎಂದು ಬೇರೆ ಬೇರೆ ಲೆಕ್ಕ ಹಿಡಿಯಬಾರದು. ಹೋಗಿಬಂದದ್ದು ಸೇರಿ ಒಂದು ಅಳತೆ. ಹಾಗಂತ ಎದುರುಗಾಳಿಯ ನಷ್ಟವನ್ನು ಬೆನ್ನುಗಾಳಿ ಪೂರ್ತಿ ತುಂಬಿಕೊಡುವುದೂ ಇಲ್ಲ, ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ. ಇದು ಸಣ್ಣ ಮಾತಲ್ಲ. ಅಮೆರಿಕದಲ್ಲಿ ಹುಂಡೈ ಮತ್ತು ಕಿಯಾ 2012ರಲ್ಲಿ ತಮ್ಮ ಅನೇಕ ಕಾರುಗಳ ಮೈಲೇಜ್ ಅಂಕಿ ಇಳಿಸಬೇಕಾಯಿತು, 2014ರಲ್ಲಿ 10 ಕೋಟಿ ಡಾಲರ್ ದಂಡಕ್ಕೆ ಒಪ್ಪಿದವು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಎತ್ತಿದ ತಕರಾರುಗಳಲ್ಲಿ ಎರಡು ನಮಗೆ ಬೇಕಾದವು: ಬೆನ್ನುಗಾಳಿಯ ಲಾಭ ಪಡೆದದ್ದು, ಹಲವು ಓಟಗಳ ಸರಾಸರಿ ಬಿಟ್ಟು ಅನುಕೂಲವಾದ ಫಲಿತಾಂಶ ಆರಿಸಿಕೊಂಡದ್ದು. ಮನೆಯಲ್ಲಿ ಕೂತು ಲೆಕ್ಕ ಮಾಡುವವರೂ ಈ ಎರಡನ್ನೇ ಮಾಡುತ್ತಾರೆ.

ಟೈರಿನ ಗಾಳಿ ಪ್ರತಿ ಭರ್ತಿಯ ದಿನ, ಚಕ್ರ ತಣ್ಣಗಿರುವಾಗ ನೋಡಬೇಕು. ಚೈನ್ ಸಡಿಲಿಕೆ, ಹಿಂದೆ ಕೂರುವವರು ಇದ್ದಾರೋ ಇಲ್ಲವೋ, ಇವು ಪರೀಕ್ಷೆ ಮುಗಿಯುವವರೆಗೆ ಬದಲಾಗಬಾರದು. ಸುಗ್ಗಿಯಲ್ಲಿ ಕಾರಟಗಿ, ಸಿಂಧನೂರು ರಸ್ತೆ ತುಂಬ ಭತ್ತ ಕೊಯ್ಯುವ ಯಂತ್ರ ಮತ್ತು ಟ್ರಾಲಿಗಳು, ಎರಡನೇ ಗೇರಿನ ಓಟ. ಸುಗ್ಗಿಗೆ ಮುಂಚಿನ ಅರ್ಧ, ಸುಗ್ಗಿಯ ಅರ್ಧ ಬೆರೆಸಿದರೆ ಗಾಡಿಯ ಬದಲು ರಸ್ತೆಯನ್ನು ಅಳೆದಂತೆ. ಹಳೆಯ ಡೈರಿಯ ಅಂಕಿಗಳನ್ನು ಈಗಿನದಕ್ಕೆ ಹೋಲಿಸುವವರು ಎಥನಾಲ್ ಮರೆಯುತ್ತಾರೆ. ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಮಿಶ್ರಣ ಶೇ 10ರಿಂದ 20ಕ್ಕೆ ಏರಿದಾಗ ಲೀಟರಿನ ಶಕ್ತಿಯೇ ಶೇ ಮೂರೂವರೆಯಷ್ಟು ಇಳಿಯುತ್ತದೆ. ಗಾಡಿ ಮುದುಕಾಯಿತು ಎನ್ನುವ ಮುಂಚೆ ಇದನ್ನು ಕಳೆಯಿರಿ.

ಇನ್ನು ಲೆಕ್ಕ. ಹತ್ತು ಭರ್ತಿ, ಪ್ರತಿಯೊಂದೂ ಮುನ್ನೂರು ಕಿ.ಮೀ. ಆಸುಪಾಸು ಎಂದು ಇಟ್ಟುಕೊಂಡು, ಲೆಕ್ಕ ತೋರಿಸಲು ಈ ಸಾಲು ತೆಗೆದುಕೊಳ್ಳೋಣ: 58.2, 61.0, 56.4, 59.1, 57.3, 60.2, 55.8, 58.9, 57.6, 59.5. ಸರಾಸರಿ 58.4. ಪ್ರತಿ ಅಂಕಿ ಸರಾಸರಿಯಿಂದ ಎಷ್ಟು ದೂರ ಎಂದು ಕಳೆದು, ವರ್ಗ ಮಾಡಿ ಕೂಡಿದರೆ 24.6. ಅದನ್ನು 9ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ, ಅಂದರೆ ಅಂಕಿಗಳು ಎಷ್ಟು ಚದುರಿವೆ ಎಂಬುದರ ಅಳತೆ, 1.65. ಇದನ್ನು 10ರ ವರ್ಗಮೂಲದಿಂದ ಭಾಗಿಸಿದರೆ 0.52, ಇದು ಸರಾಸರಿಯ ಅಲುಗಾಟ. ಹೇಳಿದ್ದಕ್ಕೂ ಬಂದದ್ದಕ್ಕೂ ಇರುವ ಅಂತರ 1.6. ಅದನ್ನು ಅಲುಗಾಟದಿಂದ ಭಾಗಿಸಿದರೆ ಟಿ ಬೆಲೆ, ಬಂದದ್ದು ಕಡಿಮೆಯಾದ್ದರಿಂದ ಮೈನಸ್ 3.06. ಟಿ ಕೋಷ್ಟಕದಲ್ಲಿ 9ರ ಸಾಲಿಗೆ (ಭರ್ತಿಗಳಿಗಿಂತ ಒಂದು ಕಡಿಮೆ), ಒಂದು ಬದಿಯ (ಕಡಿಮೆಯೇ ಎಂದಷ್ಟೇ ನೋಡುವ) ಶೇ 5ಕ್ಕೆ ಇರುವ ಗಡಿ 1.833, ಕೆಳಬದಿಗೆ ಮೈನಸ್ 1.833. ನಮ್ಮದು ಅದನ್ನು ದಾಟಿ ಕೆಳಗಿದೆ, ‘60 ಅಥವಾ ಹೆಚ್ಚು’ ಎಂಬ ಮಾತು ನಿಲ್ಲುವುದಿಲ್ಲ. ಹತ್ತೇ ಅಳತೆಯಿಂದ ಇಷ್ಟು ಹೇಳುವ ಧೈರ್ಯ ಕೊಟ್ಟವನು ಡಬ್ಲಿನ್ನಿನ ಗಿನ್ನಿಸ್ ಬಿಯರ್ ಕಾರ್ಖಾನೆಯ ಗಾಸೆಟ್. 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆದು ಪ್ರಕಟಿಸಿದ.

ಪಿ-ಬೆಲೆ ಇಲ್ಲಿ 0.005 ಮತ್ತು 0.01ರ ನಡುವೆ ಬೀಳುತ್ತದೆ. ಗಾಡಿ ನಿಜಕ್ಕೂ 60 ಕೊಡುವಂಥದ್ದೇ ಆಗಿದ್ದರೆ ಹತ್ತು ಭರ್ತಿಯ ಸರಾಸರಿ ಇಷ್ಟು ಕೆಳಗೆ ಬೀಳುವ ಸಂಭವ ನೂರಕ್ಕೆ ಒಂದೂ ಇಲ್ಲ, ಅದರ ಅರ್ಥ ಅಷ್ಟೇ. ‘ಮಾತು ಸುಳ್ಳಾಗಿರುವ ಸಂಭವ ಶೇ 99’ ಎಂದು ಓದುವವರು ತಲೆಕೆಳಗು ಓದುತ್ತಾರೆ. ನಿಜವಾದ ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಹೇಳುವ, ಎರಡೂ ಬದಿಯ ಶೇ 95ರ ವ್ಯಾಪ್ತಿ 57.2ರಿಂದ 59.6. ನಮಗೆ ಟಿ ಬೆಲೆಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಜಗಳ ಎಷ್ಟು ದೊಡ್ಡದು ಎಂದು ತೋರಿಸುವುದರಿಂದ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ 60ಕ್ಕೂ 58.4ಕ್ಕೂ ಇರುವ ವ್ಯತ್ಯಾಸ ಅರ್ಧ ಲೀಟರೂ ಅಲ್ಲ. ಪರೀಕ್ಷೆಯಲ್ಲಿ ಸೋತ ಮಾತು ಜೇಬಿನಲ್ಲಿ ಅಷ್ಟೇನೂ ಸೋತಿಲ್ಲ.

ಎಕ್ಸೆಲ್‌ನಲ್ಲಿ ಒಂದೇ ಸಾಲಿನ ಟಿ-ಪರೀಕ್ಷೆಗೆ ನೇರ ಫಂಕ್ಷನ್ ಇಲ್ಲ. ಪಕ್ಕದ ಕಾಲಮ್ಮಿನಲ್ಲಿ ಹತ್ತೂ ಸಾಲಿಗೆ 60 ತುಂಬಿ, ಟಿ.ಟೆಸ್ಟ್ ಫಂಕ್ಷನ್ನಿಗೆ ಬದಿ (tails) 1, ಬಗೆ (type) 1 ಎಂದು ಕೊಟ್ಟರೆ ಅದೇ ಪಿ-ಬೆಲೆ ಸಿಗುತ್ತದೆ. ಅದು ದಿಕ್ಕು ನೋಡುವುದಿಲ್ಲ, ಸರಾಸರಿ 60ಕ್ಕಿಂತ ಕೆಳಗಿದೆ ಎಂಬುದನ್ನು ಕಣ್ಣಲ್ಲಿ ನೋಡಿಕೊಳ್ಳಬೇಕು. ಒಟ್ಟು ಮೈಲೇಜ್ ಬೇಕಿದ್ದಾಗ ಮಾತ್ರ ಭರ್ತಿಗಳ ಸರಾಸರಿ ತೆಗೆಯದೆ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. 300 ಕಿ.ಮೀ.ಗೆ 50, ಇನ್ನೊಂದು 300ಕ್ಕೆ 70 ಬಂದರೆ ಒಟ್ಟು 60 ಆಗುವುದಿಲ್ಲ, 58.3 ಆಗುತ್ತದೆ.

ಮೇಲಿನ ಹತ್ತು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಒಂದು ಏರಿದರೆ ಮುಂದಿನದು ಇಳಿಯುತ್ತದೆ, ಕೊನೆಯವರೆಗೂ ಹಾಗೆಯೇ. ಟ್ಯಾಂಕ್-ಟು-ಟ್ಯಾಂಕ್ ಲೆಕ್ಕದ ಗುರುತೇ ಇದು. ಒಂದು ಭರ್ತಿಯಲ್ಲಿ ನೂರು ಮಿ.ಲೀ. ಹೆಚ್ಚು ಹಿಡಿಸಿದರೆ ಆ ಸಲ ಮೈಲೇಜ್ ಕಡಿಮೆ ಕಾಣುತ್ತದೆ, ಆ ಹೆಚ್ಚಿನದು ಮುಂದಿನ ಓಟಕ್ಕೆ ಪುಕ್ಕಟೆ ಸಿಕ್ಕು ಅಲ್ಲಿ ಹೆಚ್ಚು ಕಾಣುತ್ತದೆ. ಅಂದರೆ ಅಳತೆಗಳು ಒಂದಕ್ಕೊಂದು ಸ್ವತಂತ್ರವಾಗಿಲ್ಲ, ಟಿ-ಪರೀಕ್ಷೆಗೆ ಬೇಕಾದ ಮುಖ್ಯ ಷರತ್ತೇ ಮುರಿದಿದೆ. ಅದೃಷ್ಟಕ್ಕೆ ಇದು ಮುರಿಯುವುದು ಮಾತು ಕೊಟ್ಟವರ ಪರವಾಗಿ: ಮಾನಕ ವಿಚಲನೆ ಉಬ್ಬಿ, ಪರೀಕ್ಷೆ ಮೆತ್ತಗಾಗುತ್ತದೆ. ಅಕ್ಕಪಕ್ಕದ ಎರಡೆರಡು ಭರ್ತಿ ಸೇರಿಸಿ ಒಂದಾಗಿ ಎಣಿಸಿದರೆ ಹೊಯ್ದಾಟ ಬಹಳಷ್ಟು ತಗ್ಗುತ್ತದೆ. ಮೇಲಿನ ಸಾಲು 59.6, 57.75, 58.75, 57.35, 58.55 ಆಗುತ್ತದೆ. ಐದೇ ಅಂಕಿಯಾದರೂ ಟಿ ಬೆಲೆ ಮೈನಸ್ 4.06, 4ರ ಸಾಲಿನ ಗಡಿ 2.132. ಅಂಕಿ ಅರ್ಧವಾದರೂ ಸಾಕ್ಷ್ಯ ಗಟ್ಟಿಯಾಯಿತು. ಅಂಕಿಗಳು ಹೀಗೆ ಅಂಕುಡೊಂಕಾಗದೆ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಬೇರೆ ಏನೋ ನಡೆದಿದೆ: ಏರ್ ಫಿಲ್ಟರ್ ಕಟ್ಟುತ್ತಿದೆ, ಬ್ರೇಕ್ ಹಿಡಿಯುತ್ತಿದೆ, ಹವಾಮಾನ ತಿರುಗುತ್ತಿದೆ. ಆಗ ಸರಾಸರಿ ತೆಗೆಯುವುದು ನಿಲ್ಲಿಸಿ ಗಾಡಿ ನೋಡಿ.

ಹೀಗೆ ಹೊಯ್ದಾಡುವ ತಪ್ಪು ಹೆಚ್ಚು ಅಳತೆಯಲ್ಲಿ ಕರಗುತ್ತದೆ. ಒಂದೇ ಕಡೆ ವಾಲುವ ತಪ್ಪು ಕರಗುವುದಿಲ್ಲ, ಕಲ್ಲು ತಪ್ಪಿದ ತಕ್ಕಡಿಯಲ್ಲಿ ನೂರು ಸಲ ತೂಗಿದಂತೆ. ಮುಂದಿನ ಚಕ್ರದಿಂದ ವೇಗ ಎಣಿಸುವ ಬೈಕಿನಲ್ಲಿ 2.75-18 ಟೈರ್ ಇರಬೇಕಾದ ಕಡೆ 3.00-18 ಹಾಕಿದ್ದಾರೆ ಎನ್ನಿ. ಸುತ್ತಳತೆ ಶೇ ಎರಡರಷ್ಟು ಹೆಚ್ಚು, ಓಡೋಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ. ಮೇಲಿನ ಸರಾಸರಿಯನ್ನು ತಿದ್ದಿದರೆ 59.6, ಟಿ ಬೆಲೆ ಮೈನಸ್ 0.8. ಗಡಿಯ ಹತ್ತಿರವೂ ಇಲ್ಲ. ಮಾತು ಸುಳ್ಳು ಎಂದು ಖಡಾಖಂಡಿತ ಹೇಳಿದ ಪರೀಕ್ಷೆ ಒಂದು ಟೈರಿನಿಂದ ಬಾಯಿ ಮುಚ್ಚಿತು. ಶೋರೂಮಿಗೆ ಕಾಗದ ಹಿಡಿದುಕೊಂಡು ಹೋಗುವ ಮುಂಚೆ ಟೈರಿನ ಪಕ್ಕದ ಬರಹ ಓದುವುದು ಒಳ್ಳೆಯದು.

ಎಷ್ಟು ಭರ್ತಿ ಬೇಕು ಎಂಬುದಕ್ಕೆ ಅಂದಾಜು ಸೂತ್ರವಿದೆ: ವಿಚಲನೆಯ ವರ್ಗವನ್ನು 6.2ರಿಂದ ಗುಣಿಸಿ, ಹಿಡಿಯಬೇಕಾದ ವ್ಯತ್ಯಾಸದ ವರ್ಗದಿಂದ ಭಾಗಿಸುವುದು. ಶೇ 5ರ ಒಂದು ಬದಿಯ ಪರೀಕ್ಷೆ, ನಿಜವಾದ ಕೊರತೆಯನ್ನು ಐದರಲ್ಲಿ ನಾಲ್ಕು ಸಲ ಹಿಡಿಯುವ ಶಕ್ತಿ, ಇವಕ್ಕೆ ಹೊಂದುವ ಗುಣಕ ಅದು. ವಿಚಲನೆ 1.65 ಇದ್ದು 1 ಕಿ.ಮೀ. ಕೊರತೆ ಹಿಡಿಯಬೇಕಾದರೆ 17 ಬರುತ್ತದೆ, ಸಣ್ಣ ಮಾದರಿಗೆಂದು ಒಂದೆರಡು ಸೇರಿಸಿಕೊಳ್ಳಿ. 2 ಕಿ.ಮೀ. ಕೊರತೆಗೆ ಐದಾರು ಸಾಕು. ಮೂರು ಭರ್ತಿಯಲ್ಲಿ ಏನೂ ಸಾಬೀತಾಗದಿದ್ದರೆ ‘ಮಾತು ಖರೆ’ ಎಂದಲ್ಲ, ಪರೀಕ್ಷೆಗೆ ಕಣ್ಣು ಸಾಲದು ಎಂದು. ಪ್ರತಿ ಭರ್ತಿಯ ನಂತರ ಪಿ-ಬೆಲೆ ನೋಡುತ್ತ, ಮನಸ್ಸಿಗೆ ಬಂದದ್ದು ಸಿಕ್ಕಾಗ ನಿಲ್ಲಿಸುವುದು ಪರೀಕ್ಷೆಯಲ್ಲ. ನಡುವೆ ಒಂದು 44 ಬಿದ್ದರೆ? ಪಂಕ್ಚರ್ ಆಗಿ ತಳ್ಳಿದ್ದು, ಯಾರೋ ಪೆಟ್ರೋಲ್ ತೆಗೆದದ್ದು ಆ ದಿನವೇ ಪುಸ್ತಕದಲ್ಲಿ ಬರೆದಿದ್ದರೆ ತೆಗೆದುಹಾಕಬಹುದು. ಲೆಕ್ಕ ಮಾಡುವಾಗ ನೆನಪಾದ ಕಾರಣಕ್ಕೆ ತೆಗೆಯಬಾರದು.

ಮೈಲೇಜ್ ಏರಿಸುವ ಬಾಟಲಿಗಳಿಗೆ ಜೋಡಿ ಪರೀಕ್ಷೆಯೇ ಬೇಕು. ಅದೇ ರಸ್ತೆ, ಒಂದು ಭರ್ತಿ ಹಾಕಿ, ಒಂದು ಹಾಕದೆ. ಕ್ರಮ ಹಾಕದೆ–ಹಾಕಿ–ಹಾಕಿ–ಹಾಕದೆ ಎಂದು ತಿರುಗಿಸಿದರೆ ಹವಾಮಾನದ ಜಾರಿಕೆ ಎರಡೂ ಕಡೆ ಹಂಚಿಹೋಗುತ್ತದೆ. ಹಾಕಿದ್ದು ಸವಾರನಿಗೆ ಗೊತ್ತಾದರೆ ಆಕ್ಸಿಲರೇಟರ್ ಮೇಲೆ ಕೈ ತಾನಾಗಿ ಹಗುರಾಗುತ್ತದೆ, ಆಗ ಫಲ ಬಾಟಲಿಯದಲ್ಲ, ಕೈಯದು. ಸುರಿಯುವ ಕೆಲಸ ಬೇರೆಯವರು ಮಾಡಿ, ಚೀಟಿ ಅವರ ಬಳಿಯೇ ಇರಲಿ. ಎಂಟು ಜೋಡಿಗಳ ವ್ಯತ್ಯಾಸ 1.1, -0.4, 0.9, 0.2, -0.7, 1.3, 0.5, -0.3 ಎಂದು ಬಂದರೆ ಸರಾಸರಿ 0.33, ಅಲುಗಾಟ 0.26, ಟಿ ಬೆಲೆ 1.23. ಗಡಿ 1.895, ಮುಟ್ಟಲಿಲ್ಲ. ‘ಪರಿಣಾಮವೇ ಇಲ್ಲ’ ಎಂದು ಇದರಿಂದ ಹೇಳಲಾಗದು, ವ್ಯಾಪ್ತಿ -0.3ರಿಂದ 0.95ರವರೆಗಿದೆ. ಆದರೆ ಶೇ 15 ಏರುತ್ತದೆ ಎಂದು ಮಾರಿದ್ದರೆ ಅದು ಒಂಬತ್ತು ಕಿ.ಮೀ. ಹತ್ತಿರದ ಮಾತು, ಆ ವ್ಯಾಪ್ತಿಯಿಂದ ಗಾವುದ ದೂರ. ಇಂಥ ಇಪ್ಪತ್ತು ನಿಷ್ಪ್ರಯೋಜಕ ಬಾಟಲಿಗಳನ್ನು ಶೇ 5ರ ಮಟ್ಟದಲ್ಲಿ ಪರೀಕ್ಷಿಸಿದರೆ ಒಂದು ಗೆಲ್ಲುವುದು ಸಹಜ. ಜಾಹೀರಾತಿಗೆ ಬರುವುದು ಆ ಒಂದೇ.

ಬಳ್ಳಾರಿ ಕಡೆಯ ಟಿಪ್ಪರುಗಳಿಗೆ ಇದೇ ಲೆಕ್ಕ ಹಚ್ಚುವಾಗ ಅಳತೆಯ ಘಟಕ ಬದಲಾಗುತ್ತದೆ. ಸಂಡೂರಿನ ಗುಡ್ಡದಿಂದ ಅದಿರು ತುಂಬಿ ಇಳಿಯುವುದು, ತೋರಣಗಲ್ಲಿನಿಂದ ಖಾಲಿ ಹತ್ತುವುದು, ಇವೆರಡೂ ಒಂದೇ ಗಾಡಿಯ ಎರಡು ಬೇರೆ ಮೈಲೇಜ್. ಸುತ್ತು ಪೂರ್ತಿಯಾದದ್ದೇ ಒಂದು ಅಳತೆ, ಒಂದು ಸುತ್ತಿನ ಡೀಸೆಲ್ ಕಡಿಮೆಯಾದ್ದರಿಂದ ಕೆಲವು ಸುತ್ತು ಸೇರಿಸಿದರೆ ಇನ್ನೂ ವಾಸಿ. ತೂಕದ ಚೀಟಿ ಪ್ರತಿ ಸುತ್ತಿಗೂ ಲಗತ್ತಿಸಬೇಕು. ಗೇಟಿನ ಸಾಲಿನಲ್ಲಿ ಇಂಜಿನ್ ಚಾಲೂ ಇಟ್ಟು ನಿಂತ ತಾಸುಗಳನ್ನು ಬೇರೆ ಬರೆಯಬೇಕು, ಅಲ್ಲಿ ಡೀಸೆಲ್ ಉರಿಯುತ್ತದೆ, ಕಿಲೋಮೀಟರ್ ಏರುವುದಿಲ್ಲ. ಇಬ್ಬರು ಡ್ರೈವರುಗಳನ್ನು ಹೋಲಿಸುವಾಗ ಮಾಲೀಕರು ಮಾಡುವ ಸಾಮಾನ್ಯ ತಪ್ಪು, ಒಬ್ಬೊಬ್ಬರಿಗೆ ಒಂದೊಂದು ಗಾಡಿ ಕಾಯಂ ಇಟ್ಟು ಸರಾಸರಿ ನೋಡುವುದು. ಟಿ ಬೆಲೆ ಎಷ್ಟೇ ದೊಡ್ಡದು ಬರಲಿ, ವ್ಯತ್ಯಾಸ ಇದೆ ಎಂದಷ್ಟೇ ಅದು ಹೇಳುತ್ತದೆ. ಗಾಡಿಯದೋ ಡ್ರೈವರನದೋ ಎಂದು ತಿಳಿಯಬೇಕಾದರೆ ಇಬ್ಬರನ್ನೂ ಗಾಡಿ ಅದಲುಬದಲು ಮಾಡಿ ಅಷ್ಟೇ ಸುತ್ತು ಓಡಿಸಬೇಕು. ಅದಕ್ಕೆ ಮುಂಚೆ ಡೀಸೆಲ್ ಕಳವಿನ ಮಾತು ಎತ್ತಲು ಆ ಕಾಗದದಲ್ಲಿ ಆಧಾರವಿಲ್ಲ.